ಕ್ಯಾಶುಯಾಲ್ಟಿ ಬಾಗಿಲಲ್ಲಿ ಒಂದು ರಾತ್ರಿ ಕೂತು ನೋಡಿ



ಎಂಬಿಬಿಎಸ್ ಮುಗಿಸಿದ ನಮ್ಮ ಹುಡುಗ ಹುಡುಗಿಯರು ಪಿಜಿ ಸೀಟಿಗೆ ನಿಂತಾಗ ಎಲ್ಲ ಕಡೆಯಿಂದಲೂ ಒಂದೇ ಮಾತು ಕೇಳಿಬರುತ್ತದೆ: ‘ಎಲ್ಲಾದ್ರೂ ಸರಿ, ಸೀಟು ಸಿಕ್ಕಿದ್ರೆ ಸಾಕು.’ ಅಪ್ಪ ಅವ್ವಂದಿರು ಹಾಗಂತಾರೆ. ಸಂಘಟನೆಯವರಾದ ನಾವೂ ಹಾಗೇ ಅಂತೀವಿ. ರೋಸ್ಟರು ಪಾಲಿಸಿಲ್ಲ ಅಂತ ಕಚೇರಿ ಮುಂದೆ ಧರಣಿ ಕೂರುತ್ತೇವೆ, ಸೀಟಿನ ಪಟ್ಟಿ ಬಂದ ದಿನ ಹೆಸರುಗಳನ್ನು ಎಣಿಸಿ ಸಂತೋಷಪಡುತ್ತೇವೆ. ಅಲ್ಲಿಗೆ ನಮ್ಮ ಕೆಲಸ ಮುಗಿಯಿತು. ಮುಂದಿನ ಮೂರು ವರ್ಷ ಆ ಹುಡುಗ ಎಲ್ಲಿ ಮಲಗಿದ, ಏನು ಕಲಿತ, ಯಾರು ಅವನನ್ನು ಏನಂದರು ಅಂತ ಕೇಳುವವರಿಲ್ಲ. ಸೀಟು ಸಿಗುವುದು ಹಕ್ಕು. ಯಾವ ಸೀಟು ಅಂತ ನೋಡಿ ಆರಿಸಿಕೊಳ್ಳೋದೂ ಹಕ್ಕೇ. ಈ ಎರಡನೇ ಹಕ್ಕನ್ನು ನಾವಿನ್ನೂ ಕೈಗೆ ತಗೊಂಡಿಲ್ಲ.

ಎಲ್ಲ ವಿಭಾಗಗಳ ಬಗ್ಗೆ ಬರೆಯಲು ಇಲ್ಲಿ ಪುಟ ಸಾಲದು. ಎಮರ್ಜೆನ್ಸಿ ಮೆಡಿಸಿನ್, ಅಂದರೆ ತುರ್ತು ಚಿಕಿತ್ಸೆಯ ಎಂ.ಡಿ. ಬಗ್ಗೆ ಮಾತ್ರ ಹೇಳುತ್ತೇನೆ. ಯಾಕೆಂದರೆ ದೊಡ್ಡ ಆಸ್ಪತ್ರೆಯೊಳಕ್ಕೆ ನಮ್ಮ ಜನ ಹೋಗೋದು ಬಹುಪಾಲು ಆ ಒಂದು ಬಾಗಿಲಿನಿಂದಲೇ. ಗದ್ದೆಯಲ್ಲಿ ಹಾವು ಕಚ್ಚಿದವನು, ಸಾಲಕ್ಕೆ ಹೆದರಿ ಹತ್ತಿಗೆ ಹೊಡೆಯುವ ಔಷಧಿ ಕುಡಿದವನು, ಟ್ರಾಕ್ಟರಿನ ಟ್ರೇಲರಿನಿಂದ ಬಿದ್ದ ಕೂಲಿ ಹೆಂಗಸು, ಮ್ಯಾನ್‌ಹೋಲಿಗೆ ಇಳಿದು ಗಾಳಿ ಕುಡಿದವನು, ಸೀಮೆಎಣ್ಣೆಗೆ ಸುಟ್ಟವಳು. ಇವರ‍್ಯಾರೂ ಡಾಕ್ಟರ ಅಪಾಯಿಂಟ್‌ಮೆಂಟ್ ತಗೊಂಡು ಬರೋರಲ್ಲ. ಆಮೇಲೆ ಇನ್ನೊಬ್ಬ ಇದ್ದಾನೆ. ಊರ ಗೌಡರ ಮಕ್ಕಳ ಕೈಲಿ ಏಟು ತಿಂದು, ತಲೆ ಒಡೆಸಿಕೊಂಡು, ರಾತ್ರಿ ಹನ್ನೊಂದಕ್ಕೆ ಟೆಂಪೋದಲ್ಲಿ ಬಂದವನು. ಅವನ ಗಾಯದ ಸರ್ಟಿಫಿಕೇಟು ಬರೆಯುವವರು ಯಾರು? ಕ್ಯಾಶುಯಾಲ್ಟಿಯ ಡ್ಯೂಟಿ ಡಾಕ್ಟರು. ಮೂಳೆ ಮುರಿದಿದ್ದರೆ ಕಾನೂನಿನ ಪ್ರಕಾರ ಅದು ತೀವ್ರ ಗಾಯ. ಎಕ್ಸ್‌ರೇ ತೆಗೆಸದೆ ‘ಸಾದಾ ಗಾಯ’ ಅಂತ ಬರೆದು ಸೀಲು ಒತ್ತಿಬಿಟ್ಟರೆ, 1989ರ ದೌರ್ಜನ್ಯ ತಡೆ ಕಾಯ್ದೆಯ ಕೇಸು ಅಲ್ಲೇ ಕುಂಟಿತು. ನಾವು ಹತ್ತು ವರ್ಷ ಕೋರ್ಟಿಗೆ ಅಲೆದರೂ ಆ ಒಂದು ಸಾಲನ್ನು ತಿದ್ದೋಕಾಗಲ್ಲ. ಅದಕ್ಕೇ ಆ ಕುರ್ಚಿಯಲ್ಲಿ ನಮ್ಮವರು ಕೂರಬೇಕು. ಬರೀ ಕೂತರೆ ಸಾಲದು, ವಿದ್ಯೆ ಪೂರಾ ಕಲಿತು ಕೂರಬೇಕು.

ಈ ವಿದ್ಯೆ ನಮ್ಮ ದೇಶಕ್ಕೆ ಹೊಸದು. ಭಾರತೀಯ ವೈದ್ಯಕೀಯ ಪರಿಷತ್ತು ಇದನ್ನು ಪ್ರತ್ಯೇಕ ವಿಷಯ ಅಂತ ಒಪ್ಪಿದ್ದೇ 2009ರಲ್ಲಿ. ಅಲ್ಲಿವರೆಗೆ ಕ್ಯಾಶುಯಾಲ್ಟಿ ಅಂದರೆ ಒಂದು ಟೇಬಲ್ಲು, ಒಂದು ರಿಜಿಸ್ಟರು, ಬಂದವರನ್ನು ಆ ವಾರ್ಡಿಗೆ ಈ ವಾರ್ಡಿಗೆ ಅಟ್ಟುವ ಒಬ್ಬ ಡಾಕ್ಟರು. ಹೊಸ ವಿದ್ಯೆಯಲ್ಲಿ ಹಳೇ ಮಠಗಳು ಇನ್ನೂ ಬೇರು ಬಿಟ್ಟಿಲ್ಲ. ಅಪ್ಪ ಪ್ರೊಫೆಸರು, ಮಗ ಪ್ರೊಫೆಸರು ಅನ್ನೋ ವಂಶಾವಳಿ ಸರ್ಜರಿಯಲ್ಲಿ ಇದ್ದಷ್ಟು ಇಲ್ಲಿಲ್ಲ. ನಮ್ಮವರು ಈ ಕಡೆ ನೋಡಬೇಕು ಅನ್ನೋದಕ್ಕೆ ಇದೂ ಒಂದು ಕಾರಣ.

ಅಮೆರಿಕದಲ್ಲಿ ಈ ವಿದ್ಯೆಯ ಕಥೆ ಏನು ಗೊತ್ತೆ? ಅಲ್ಲಿ ಡಾಕ್ಟರಿಗೆ ಎಮರ್ಜೆನ್ಸಿಯ ಮೊದಲ ತರಬೇತಿ ಶುರುವಾದದ್ದು 1970ರಲ್ಲಿ, ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ. ಅದಕ್ಕಿಂತ ಮುಂಚೆ, 1967ರಲ್ಲೇ, ಪಿಟ್ಸ್‌ಬರ್ಗ್ ಊರಿನ ಹಿಲ್ ಡಿಸ್ಟ್ರಿಕ್ಟ್ ಅನ್ನೋ ಕರಿಯರ ಕೇರಿಯಲ್ಲಿ ಫ್ರೀಡಂ ಹೌಸ್ ಆಂಬುಲೆನ್ಸ್ ಹುಟ್ಟಿತು. ಅಲ್ಲಿವರೆಗೆ ಆ ಊರಲ್ಲಿ ರೋಗಿಯನ್ನು ಸಾಗಿಸುತ್ತಿದ್ದದ್ದು ಪೊಲೀಸ್ ವ್ಯಾನು, ಇಲ್ಲವೆ ಹೆಣ ಸಾಗಿಸುವ ಗಾಡಿ. ಕರಿಯರ ಕೇರಿಗೆ ಅದೂ ಹೊತ್ತಿಗೆ ಸರಿಯಾಗಿ ಬರುತ್ತಿರಲಿಲ್ಲ. ‘ಇವರು ಯಾವ ಕೆಲಸಕ್ಕೂ ಬಾರದವರು’ ಅಂತ ತಳ್ಳಿಹಾಕಿದ್ದ ಹುಡುಗರನ್ನು ಕೂಡಿಸಿ ಪೀಟರ್ ಸಫರ್ ಅನ್ನೋ ದೊಡ್ಡ ಡಾಕ್ಟರು ಉಸಿರು ಕೊಡೋದು, ಎದೆ ಒತ್ತೋದು, ರಕ್ತ ನಿಲ್ಲಿಸೋದು ಕಲಿಸಿದರು. ಆಮೇಲೆ ನ್ಯಾನ್ಸಿ ಕ್ಯಾರೊಲಿನ್ ಅನ್ನೋ ಡಾಕ್ಟರು ಬಂದು ಇವರ ಜೊತೆ ದುಡಿದು ಬರೆದ ಪಾಠಗಳು ಇಡೀ ದೇಶಕ್ಕೇ ಮಾದರಿಯಾದವು. ಬಿಳಿಯರ ಬಡಾವಣೆಗಳಿಗೆ ಇಂಥ ಗಾಡಿ ಇಲ್ಲದಿದ್ದ ಕಾಲದಲ್ಲಿ ಕರಿಯರ ಕೇರಿಗೆ ಅದು ಇತ್ತು. ಸಹಿಸುತ್ತಾರೆಯೆ? 1975ರಲ್ಲಿ ನಗರಸಭೆ ತನ್ನದೇ ಆಂಬುಲೆನ್ಸ್ ಮಾಡಿಕೊಂಡು ಫ್ರೀಡಂ ಹೌಸನ್ನು ಮುಚ್ಚಿತು. ಅಲ್ಲಿಂದ ಬಂದ ಕರಿಯ ಹುಡುಗರಿಗೆ ಹೊಸ ಪರೀಕ್ಷೆ ಇಟ್ಟರು, ತಮಗಿಂತ ಕಡಿಮೆ ಕಲಿತ ಬಿಳಿಯರ ಕೈಕೆಳಗೆ ಹಾಕಿದರು, ಒಬ್ಬೊಬ್ಬರನ್ನಾಗಿ ಹೊರಕ್ಕೆ ದಬ್ಬಿದರು. ಕೆಲಸ ಕಲಿತಿದ್ದರೂ ಕೆಲಸಕ್ಕೆ ಕೈ ಹಾಕಲು ಬಿಡದಿರುವುದು ಹೇಗೆ ಅಂತ ತಿಳಿಯಬೇಕಾದರೆ ಈ ಕಥೆ ನೆನಪಿರಲಿ. ಮುಂದೆ ಇದೇ ವಿಷಯಕ್ಕೆ ಬರುತ್ತೇನೆ.

ಈಗ ಸೀಟಿನ ಮಾತು. ನಮ್ಮಲ್ಲಿ ಕಾಲೇಜಿನವರು ಕರೆದು ಸಂದರ್ಶನ ಮಾಡೋದಿಲ್ಲ. ಕಾಲೇಜನ್ನು ನೋಡೋಕೆ ನಮ್ಮನ್ನೂ ಕರೆಯೋದಿಲ್ಲ. ರ‍್ಯಾಂಕು ಬಂದ ಮೇಲೆ ಕಂಪ್ಯೂಟರಿನಲ್ಲಿ ಕಾಲೇಜುಗಳನ್ನು ಒಂದರ ಕೆಳಗೊಂದು ಬರೆಯಬೇಕು. ದೆಹಲಿಯದು ಬೇರೆ, ನಮ್ಮ ರಾಜ್ಯದ ಕೆಇಎಯದು ಬೇರೆ. ಕೆಲವೇ ದಿನದ ಗಡುವು. ಯಾವುದನ್ನು ಮೇಲೆ ಬರೆದಿರಿ, ಯಾವುದನ್ನು ಕೆಳಗೆ ಬರೆದಿರಿ ಅನ್ನೋದರ ಮೇಲೆ ಮೂರು ವರ್ಷದ ಬದುಕು ನಿಂತಿದೆ. ಮೇಲ್ಜಾತಿಯ ಡಾಕ್ಟರ ಮಗ ಹೇಗೆ ಬರೀತಾನೆ? ಅವನ ಸೋದರಮಾವ ಅಲ್ಲಿ ಪ್ರೊಫೆಸರು, ಅಕ್ಕನ ಗಂಡ ಇಲ್ಲಿ ಸರ್ಜನ್ನು. ರಾತ್ರಿ ಊಟಕ್ಕೆ ಕೂತಾಗಲೇ ‘ಆ ಡಿಪಾರ್ಟ್‌ಮೆಂಟ್ ಬೇಡ ಕಣೋ, ಅಲ್ಲಿ ಏನೂ ಕಲಿಸಲ್ಲ’ ಅಂತ ಒಂದು ಮಾತು ಕಿವಿಗೆ ಬೀಳುತ್ತದೆ. ನಮ್ಮ ಹುಡುಗಿಗೆ ಇರೋದು ಕಾಲೇಜಿನ ಬಣ್ಣದ ಫೋಟೋ, ಮತ್ತೆ ಕೋಚಿಂಗ್ ಸೆಂಟರಿನವನ ಮಾತು. ಮೆರಿಟ್ಟು ಮೆರಿಟ್ಟು ಅಂತ ಬಾಯಿ ಬಡಕೊಳ್ಳೋರು ಈ ಊಟದ ಮನೆಯ ಮಾಹಿತಿಯನ್ನು ಯಾವ ಲೆಕ್ಕಕ್ಕೆ ಸೇರಿಸುತ್ತಾರೋ ಕಾಣೆ.

ನಮಗೂ ನೆಂಟರಿದ್ದಾರೆ. ಅವರಿಗೆ ಮಾವ ಪ್ರೊಫೆಸರು, ನಮಗೆ ಚಿಕ್ಕವ್ವ ಆಯಾ. ಆ ದೊಡ್ಡ ಆಸ್ಪತ್ರೆಗಳಲ್ಲಿ ರಕ್ತ ಒರೆಸುವವರು, ಸ್ಟ್ರೆಚರ್ ತಳ್ಳುವವರು, ಹೆಣದ ಮನೆ ಕಾಯುವವರು ಯಾರು ಅಂತ ನಿಮಗೆ ಹೇಳಬೇಕಾಗಿಲ್ಲ. ಗುತ್ತಿಗೆದಾರನ ಕೈಕೆಳಗೆ ದುಡಿಯುವ ನಮ್ಮ ತಾಯಂದಿರು, ಅಣ್ಣಂದಿರು. ಯಾವ ಡಾಕ್ಟರು ರಾತ್ರಿ ಬರ‍್ತಾರೆ, ಯಾರು ಫೋನಿನಲ್ಲೇ ಮುಗಿಸ್ತಾರೆ, ಯಾವ ಪಿಜಿ ಬಾತ್‌ರೂಮಿನಲ್ಲಿ ಅಳ್ತಾಳೆ, ಯಾವ ಯಂತ್ರ ಇನ್‌ಸ್ಪೆಕ್ಷನ್ ದಿನ ಮಾತ್ರ ಬೀರುವಿನಿಂದ ಆಚೆ ಬರ‍್ತದೆ, ಎಲ್ಲ ಅವರಿಗೆ ಗೊತ್ತು. ಇಲ್ಲಿವರೆಗೆ ಅವರನ್ನು ಯಾರೂ ಕೇಳಿಲ್ಲ, ಅಷ್ಟೆ. ‘ಅಮ್ಮಾ, ನನ್ನ ತಂಗಿ ಇಲ್ಲಿಗೆ ಓದೋಕೆ ಬರಬೇಕಂತವಳೆ, ಕಳಿಸಬಹುದಾ?’ ಅಂತ ಕೇಳಿ ನೋಡಿ. ಅರ್ಧ ಗಂಟೆಯಲ್ಲಿ ಆ ವಿಭಾಗದ ಜಾತಕವನ್ನೇ ಬಿಚ್ಚಿಡುತ್ತಾರೆ.

ಇನ್ನೊಂದು ದಾರಿ, ಹೋಗಿ ಕೂರೋದು. ಕ್ಯಾಶುಯಾಲ್ಟಿ ಹೊರಗಿನ ಬೆಂಚಿನಲ್ಲಿ ರೋಗಿ ಕಡೆಯವರ ಹಾಗೆ ಒಂದು ರಾತ್ರಿ, ಹತ್ತರಿಂದ ಬೆಳಿಗ್ಗೆ ಆರರವರೆಗೆ. ಆಸ್ಪತ್ರೆ ವರಾಂಡದಲ್ಲಿ ಟವೆಲ್ ಹಾಸಿಕೊಂಡು ಮಲಗಿ ನಮ್ಮೋರಿಗೆ ಅಭ್ಯಾಸವಿದೆ, ಯಾರೂ ಅನುಮಾನ ಪಡೋದಿಲ್ಲ. ರೋಗಿಗಳಿಗೆ ಅಡ್ಡ ಬರಬೇಡಿ, ಫೋಟೋ ತೆಗೀಬೇಡಿ. ಸುಮ್ಮನೆ ನೋಡಿ. ಏನು ನೋಡಬೇಕು?

ಮೊದಲು, ಅದು ನಿಜವಾದ ವಿಭಾಗವೋ ಬರೀ ಬೋರ್ಡೋ ಅಂತ ನೋಡಬೇಕು. ಎಷ್ಟೋ ಕಡೆ ಹಳೇ ಕ್ಯಾಶುಯಾಲ್ಟಿಯ ಬೋರ್ಡಿಗೆ ಹೊಸ ಬಣ್ಣ ಬಳಿದು ಎಮರ್ಜೆನ್ಸಿ ಮೆಡಿಸಿನ್ ಅಂತ ಬರೆದಿದ್ದಾರೆ. ಇದನ್ನು ಕಂಡುಹಿಡಿಯೋದು ಸುಲಭ. ಉಸಿರು ಎಳೆಯಲಾರದ ರೋಗಿ ಬಂದಾಗ ಗಂಟಲಿಗೆ ಟ್ಯೂಬು ಇಳಿಸುವವರು ಯಾರು? ಎಮರ್ಜೆನ್ಸಿಯ ಪಿಜಿಯೋ, ಇಲ್ಲಾ ಮೇಲಿನಿಂದ ಅರಿವಳಿಕೆಯವರು ಇಳಿದು ಬರುವವರೆಗೆ ಎಲ್ಲರೂ ಕಾಯುತ್ತಾರೋ? ಎದೆಯಲ್ಲಿ ರಕ್ತ ತುಂಬಿದಾಗ ಪಕ್ಕೆಗೆ ಕೊಳವೆ ಹಾಕುವವರು ಯಾರು? ಕತ್ತಿನ ದೊಡ್ಡ ರಕ್ತನಾಳಕ್ಕೆ ಸೂಜಿ ಹಾಕುವವರು ಯಾರು? ಎಲ್ಲದಕ್ಕೂ ಬೇರೆ ವಿಭಾಗದವರೇ ಬಂದು ಹೋಗ್ತಾ ಇದ್ದು, ಎಮರ್ಜೆನ್ಸಿ ಪಿಜಿ ಕಾಗದ ತುಂಬಿಸಿ ಫೋನು ಮಾಡ್ತಾ ನಿಂತಿದ್ದರೆ, ಅಲ್ಲಿ ಮೂರು ವರ್ಷ ಕಳೆದವನು ಎಂ.ಡಿ. ಪದವಿಯ ಪೋಸ್ಟ್‌ಮ್ಯಾನ್ ಆಗಿ ಹೊರಗೆ ಬರ‍್ತಾನೆ.

ಎರಡನೇದು, ರಾತ್ರಿ ಎರಡು ಗಂಟೆಗೆ ಕಲಿಸುವವರು ಇದ್ದಾರೆಯೆ? ಹೆಚ್ಒಡಿಯ ಹೆಸರಿನ ಮುಂದೆ ಎಷ್ಟು ಪದವಿ ಇದ್ದರೇನು, ಅವರು ಮನೆಯಲ್ಲಿ ಮಲಗಿದ್ದರೆ? ಅಸಿಸ್ಟೆಂಟ್ ಪ್ರೊಫೆಸರಾಗಲಿ ಸೀನಿಯರ್ ರೆಸಿಡೆಂಟಾಗಲಿ, ಪಕ್ಕದಲ್ಲಿ ನಿಂತು ‘ಹೀಗಲ್ಲ, ಹೀಗೆ ಹಿಡಿ’ ಅಂತ ಹೇಳುವ ಒಬ್ಬರಾದರೂ ರಾತ್ರಿ ಬೇಕು. ಇದರ ಬಗ್ಗೆ ನಮ್ಮವರಲ್ಲೊಂದು ತಪ್ಪು ನಂಬಿಕೆ ಇದೆ: ‘ಸರ್ಕಾರಿ ಆಸ್ಪತ್ರೆಯಲ್ಲಿ ಕೇಸು ಜಾಸ್ತಿ, ತಾನಾಗೇ ಕೈ ಕುದುರುತ್ತೆ.’ ಅರ್ಧ ನಿಜ. ತಪ್ಪಾಗಿ ನೂರು ಸಲ ಮಾಡಿದರೆ ತಪ್ಪೇ ಕೈಗೆ ಕೂರುತ್ತದೆ, ಆ ತಪ್ಪಿಗೆ ಬಲಿಯಾಗೋರು ನಮ್ಮೂರಿನ ಬಡವರೇ. ಆದರೂ ಎರಡರಲ್ಲಿ ಒಂದು ಆರಿಸು ಅಂದರೆ ನಾನು ಹೇಳೋದು, ನೂಕುನುಗ್ಗಲಿನ ಸರ್ಕಾರಿ ಕಾಲೇಜನ್ನೇ ಮೇಲೆ ಬರಿ. ರಾತ್ರಿ ಒಬ್ಬ ಗುರು ಇರಬೇಕು ಅನ್ನೋದು ಷರತ್ತು. ಗಾಜಿನ ಬಾಗಿಲಿನ ಆಸ್ಪತ್ರೆಗಳಲ್ಲಿ ಇನ್ಶೂರೆನ್ಸ್ ಇದ್ದವರ ಎದೆನೋವು ಬರುತ್ತದೆ. ವಿಷ ಕುಡಿದವನು, ಹಾವು ಕಚ್ಚಿದವನು, ದುಡ್ಡಿಲ್ಲದವನು ಅಲ್ಲಿಗೆ ಬರೋದೇ ಕಡಿಮೆ. ಬಂದರೂ ಮೊದಲ ಬಾಟಲಿ ಏರಿಸಿ ಸರ್ಕಾರಿಗೆ ರೆಫರ್. ಹಾವು ಕಡಿತವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕು ಅಂತ ಕರ್ನಾಟಕ 2024ರಲ್ಲಿ ನಿಯಮ ಮಾಡಿತು, ಅಷ್ಟು ದೊಡ್ಡ ಪಿಡುಗು ಅದು. ಆ ಕೇಸನ್ನೇ ಕಾಣದೆ ಎಮರ್ಜೆನ್ಸಿ ಡಾಕ್ಟರಾದವನು ನಮ್ಮ ತಾಲ್ಲೂಕಿಗೆ ಬಂದು ಏನು ಮಾಡಿಯಾನು?

ಮೂರು ವರ್ಷದಲ್ಲಿ ಬೇರೆ ವಿಭಾಗಗಳಿಗೂ ಕಳಿಸಬೇಕು. ಅರಿವಳಿಕೆ, ಐಸಿಯು, ಮಕ್ಕಳ ವಿಭಾಗ, ಹೆರಿಗೆ, ಮೂಳೆ. ಕಳಿಸುತ್ತಾರೋ, ಇಲ್ಲಾ ಕ್ಯಾಶುಯಾಲ್ಟಿಗೆ ಜನ ಸಾಲದು ಅಂತ ಅಲ್ಲೇ ಕಟ್ಟಿಹಾಕುತ್ತಾರೋ, ಫೈನಲ್ ಇಯರಿನವರನ್ನು ಕೇಳಿ. ಮೂರು ತಿಂಗಳು ಜಿಲ್ಲಾ ಮಟ್ಟದ ಆಸ್ಪತ್ರೆಯ ಡ್ಯೂಟಿ ನಿಯಮದಲ್ಲೇ ಇದೆ. ಕೆಲವರು ಅದನ್ನು ಶಿಕ್ಷೆ ಅಂತ ತಿಳೀತಾರೆ. ನಮ್ಮವರು ಹಾಗೆ ತಿಳೀಬಾರದು.

ಡ್ಯೂಟಿಯ ಗಂಟೆಗಳನ್ನೂ ಎಣಿಸಬೇಕು. 1992ರಲ್ಲೇ ಕೇಂದ್ರ ಸರ್ಕಾರ ರೆಸಿಡೆಂಟ್ ಡಾಕ್ಟರುಗಳಿಗೆ ದಿನಕ್ಕೆ 12 ಗಂಟೆ, ವಾರಕ್ಕೆ 48 ಗಂಟೆ ಅಂತ ಮಿತಿ ಹಾಕಿ ಆದೇಶ ಹೊರಡಿಸಿತ್ತು. ಅದು ಕಡತದಲ್ಲಿ ಮಲಗಿತು. 2023ರ ಪಿಜಿ ನಿಯಮದಲ್ಲಿ ‘ಸಮಂಜಸವಾದ ಗಂಟೆ’ ಅಂತ ಬರೆದು ಜಾರಿಕೊಂಡರು. ಯಾರಿಗೆ ಸಮಂಜಸ? 2024ರಲ್ಲಿ ವೈದ್ಯ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ರಾಷ್ಟ್ರೀಯ ವೈದ್ಯಕೀಯ ಆಯೋಗವೇ ನೇಮಿಸಿದ ಕಾರ್ಯಪಡೆ ವಾರಕ್ಕೆ 74 ಗಂಟೆ ಮೀರಬಾರದು, ವಾರಕ್ಕೊಂದು ರಜೆ ಇರಲಿ ಅಂದಿತು. ಬೇರೆ ವಿಭಾಗದ ಮಾತು ಹಾಗಿರಲಿ, ಎಮರ್ಜೆನ್ಸಿಯ ಕೆಲಸ ಇರೋದೇ ಪಾಳಿಯ ಮೇಲೆ. ಎಂಟು ಗಂಟೆಯೋ ಹನ್ನೆರಡು ಗಂಟೆಯೋ ದುಡಿದು, ಒಬ್ಬೊಬ್ಬ ರೋಗಿಯ ವಿಷಯ ಮುಂದಿನವರಿಗೆ ಒಪ್ಪಿಸಿ ಹೋಗೋದು. ಒಂದೇ ಹುಡುಗ ಮೂವತ್ತಾರು ಗಂಟೆ ಅಲ್ಲೇ ಕಾಣ್ತಿದ್ದಾನೆ ಅಂದರೆ ಆ ವಿಭಾಗ ತನ್ನ ವಿದ್ಯೆಯನ್ನೇ ಅರಿತಿಲ್ಲ.

ಹೆಣ್ಣುಮಕ್ಕಳು ಡ್ಯೂಟಿ ರೂಮನ್ನು ಕಣ್ಣಾರೆ ನೋಡದೆ ಕಾಲೇಜಿನ ಹೆಸರು ಬರೆಯಬೇಡಿ. ಚಿಲಕವಿದೆಯೆ, ಪಕ್ಕದಲ್ಲೇ ಕಕ್ಕಸಿದೆಯೆ. 2024ರ ಆಗಸ್ಟ್‌ನಲ್ಲಿ ಕಲ್ಕತ್ತೆಯ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಅತ್ಯಾಚಾರವಾಗಿ ಕೊಲೆಯಾದ ಡಾಕ್ಟರು ರಾತ್ರಿ ಡ್ಯೂಟಿ ನಡುವೆ ಮಲಗಿದ್ದದ್ದು ಸೆಮಿನಾರ್ ಹಾಲಿನಲ್ಲಿ.

ದುಡ್ಡಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಅಖಿಲ ಭಾರತ ಕೋಟಾದಲ್ಲಿ ಎಸ್‌ಸಿಗೆ ನೂರಕ್ಕೆ 15, ಎಸ್‌ಟಿಗೆ 7.5 ಮೀಸಲು. ಡೀಮ್ಡ್ ಯೂನಿವರ್ಸಿಟಿಗಳಲ್ಲಿ ಮೀಸಲಾತಿ ಇಲ್ಲ. 2005ರ ಕೊನೆಯಲ್ಲಿ ಪಾರ್ಲಿಮೆಂಟು 93ನೇ ತಿದ್ದುಪಡಿ ಒಪ್ಪಿ ಖಾಸಗಿ ಕಾಲೇಜುಗಳಲ್ಲೂ ಮೀಸಲಾತಿ ತರಬಹುದು ಅಂದರೂ, ದೆಹಲಿಯವರು ಆ ಬಾಗಿಲನ್ನು ಅರ್ಧ ತೆರೆದು ಬಿಟ್ಟಿದ್ದಾರೆ. ಸ್ಟೈಪೆಂಡನ್ನು ಬ್ಯಾಂಕಿಗೆ ಹಾಕಿ ಹಿಂಬಾಗಿಲಿಂದ ವಾಪಸ್ ಕೇಳುತ್ತಾರೆ ಅನ್ನೋ ದೂರು ಖಾಸಗಿಯವರ ಮೇಲೆ ಇದೆ. ಫೀಸು ಕೇಳುವ ಮುಂಚೆ ಇದನ್ನು ಅಲ್ಲಿನ ಪಿಜಿಗಳನ್ನು ಕೇಳಿ. ಎಂ.ಡಿ. ಸಿಗದಿದ್ದರೆ ಡಿಎನ್‌ಬಿ ಇದೆ, ಅದೂ ಮೂರು ವರ್ಷ, ಅದೂ ಮಾನ್ಯ. ಕಾರ್ಪೊರೇಟ್ ಆಸ್ಪತ್ರೆಗಳು ಹೊರದೇಶದ ಹೆಸರು ಹಚ್ಚಿ ಕೊಡುವ ಸರ್ಟಿಫಿಕೇಟು ಕೋರ್ಸುಗಳಲ್ಲಿ ಕೈಕೆಲಸ ಕಲಿಯಬಹುದೇನೋ, ಆದರೆ ವೈದ್ಯಕೀಯ ಆಯೋಗ ಅವನ್ನು ಪಿಜಿ ಪದವಿ ಅಂತ ಒಪ್ಪೋದಿಲ್ಲ. ಅದನ್ನು ನಂಬಿ ಸಾಲ ಮಾಡಿದ ಮೇಲೆ, ಸರ್ಕಾರಿ ಸ್ಪೆಷಲಿಸ್ಟ್ ಹುದ್ದೆಗೆ ಅರ್ಜಿ ಹಾಕುವ ದಿನ ಗೊತ್ತಾಗುತ್ತದೆ.

ಈಗ ಕಹಿ ಮಾತಿಗೆ ಬರೋಣ. ವಿಭಾಗಕ್ಕೆ ಹೊಸಬ ಸೇರಿದ ಮೊದಲ ವಾರ ಸೀನಿಯರು ಕೇಳುವ ಪ್ರಶ್ನೆ ‘ನಿನ್ನ ರ‍್ಯಾಂಕೆಷ್ಟು?’ ಇದರ ಅರ್ಥ ನಮಗೆಲ್ಲ ಗೊತ್ತು. ಜಾತಿ ಯಾವುದು ಅಂತ ನೇರ ಕೇಳಿದರೆ ಕೇಸಾಗುತ್ತದೆ, ರ‍್ಯಾಂಕು ಕೇಳಿದರೆ ಆಗಲ್ಲ. ಇದೇ ಜನ 2023ರಲ್ಲಿ ಸೀಟು ಖಾಲಿ ಉಳಿದವು ಅಂತ ನೀಟ್ ಪಿಜಿ ಕಟಾಫನ್ನು ಎಲ್ಲರಿಗೂ ಸೊನ್ನೆ ಪರ್ಸೆಂಟೈಲಿಗೆ ಇಳಿಸಿದಾಗ ಸುಮ್ಮನಿದ್ದರು. ದುಡ್ಡು ಕೊಟ್ಟವನ ಸೊನ್ನೆಗೆ ಗೌರವ, ನಮ್ಮ ರ‍್ಯಾಂಕಿಗೆ ನಗು. ಇರಲಿ. ರ‍್ಯಾಂಕು ತಿಳಿದ ಮೇಲೆ ಏನಾಗುತ್ತದೆ ಅನ್ನೋದೇ ಮುಖ್ಯ. ಬೈಗುಳ ಕಿವಿಗೆ ಬೀಳುತ್ತದೆ, ಹೊರಟೂ ಹೋಗುತ್ತದೆ. ಕೆಲಸ ಕಸಿದುಕೊಂಡರೆ ಅದು ಜೀವನಪೂರ್ತಿ ಉಳಿಯುತ್ತದೆ. ಬ್ಲಡ್ ಬ್ಯಾಂಕಿಗೆ ಓಡೋನು ಯಾವನು, ಸ್ಕ್ಯಾನಿಗೆ ಟ್ರಾಲಿ ತಳ್ಳೋನು ಯಾವನು, ಟ್ಯೂಬು ಇಳಿಸೋನು ಯಾವನು? ಬೆಂಚಿನ ಮೇಲೆ ಕೂತು ಲೆಕ್ಕ ಹಾಕಿ. ಹೊಸಬರೆಲ್ಲ ಸರದಿ ಮೇಲೆ ಓಡುತ್ತಿದ್ದರೆ ಅದು ನ್ಯಾಯ. ಓಡೋನು ಯಾವಾಗಲೂ ಒಬ್ಬನೇ ಆಗಿದ್ದರೆ ಅವನ ಹೆಸರು ವಿಚಾರಿಸಿ.

ಇದು ನನ್ನ ಊಹೆ ಅಂತ ಯಾರೂ ತಿಳಿಯಬಾರದು. ದೆಹಲಿಯ ಏಮ್ಸ್‌ನಲ್ಲಿ ನಡೆಯುವ ಜಾತಿ ತಾರತಮ್ಯದ ಬಗ್ಗೆ ಸುಖದೇವ್ ಥೋರಟ್ ಸಮಿತಿ 2007ರಲ್ಲೇ ವರದಿ ಕೊಟ್ಟಿದೆ. ಪ್ರಾಕ್ಟಿಕಲ್ಲು ವೈವಾಗಳಲ್ಲಿ ಅನ್ಯಾಯ, ಹಾಸ್ಟೆಲಿನಲ್ಲಿ ನಮ್ಮ ಮಕ್ಕಳೆಲ್ಲ ಬೇರೆಯಾಗಿ ಕೆಲವೇ ಮಹಡಿಗಳಿಗೆ ಸರಿದುಹೋದದ್ದು, ಎಲ್ಲ ಅದರಲ್ಲಿದೆ. 2018ರಲ್ಲಿ ಅಹಮದಾಬಾದಿನಲ್ಲಿ ಸರ್ಜರಿ ಓದುತ್ತಿದ್ದ ತಮಿಳುನಾಡಿನ ದಲಿತ ಹುಡುಗನೊಬ್ಬ ಸಾಯಲು ಹೊರಟಾಗ ಮಾಡಿದ ಆರೋಪ, ತನ್ನನ್ನು ಆಪರೇಷನ್ ಮಾಡೋಕೆ ಬಿಡದೆ ಚಹಾ ಕೊಡೋಕೆ ಇಟ್ಟುಕೊಂಡಿದ್ದಾರೆ ಅನ್ನೋದು. 2019ರ ಮೇ 22ರಂದು ಮುಂಬಯಿಯ ನಾಯರ್ ಆಸ್ಪತ್ರೆಯಲ್ಲಿ ಪ್ರಾಣ ಕಳೆದುಕೊಂಡ ಡಾ. ಪಾಯಲ್ ತಡವಿ ಆದಿವಾಸಿ ಹೆಣ್ಣುಮಗಳು, ಹೆರಿಗೆ ವಿಭಾಗದ ಪಿಜಿ. ಮೂವರು ಸೀನಿಯರ್ ಡಾಕ್ಟರುಗಳ ಮೇಲೆ ಕೇಸಾಯಿತು. ಜಾತಿ ಹಿಡಿದು ಹಂಗಿಸುತ್ತಿದ್ದರು, ಹೆರಿಗೆ ಮಾಡಿಸಲು ಬಿಡುತ್ತಿರಲಿಲ್ಲ ಅನ್ನೋದು ಅವರ ಮೇಲಿನ ಆರೋಪ. ಸರ್ಜರಿಯವನ ಕೈಯಿಂದ ಕತ್ತರಿ ಕಸಿದರು, ಹೆರಿಗೆಯವಳ ಕೈಯಿಂದ ಕೂಸು ಕಸಿದರು ಅಂತ ದೂರು. ಪಿಟ್ಸ್‌ಬರ್ಗಿನ ಕರಿಯ ಹುಡುಗರ ಕೈಯಿಂದ ಸ್ಟ್ರೆಚರ್ ಕಸಿದದ್ದೂ ಹೀಗೇ.

ಆದ್ದರಿಂದ ಕಾಲೇಜಿನಲ್ಲಿ ಎಸ್‌ಸಿ ಎಸ್‌ಟಿ ಸೆಲ್ ಇದೆಯೆ ಅಂತ ಕೇಳಿದರೆ ಸಾಲದು. ಕಾಗದದಲ್ಲಿ ಎಲ್ಲ ಕಡೆ ಇರುತ್ತದೆ. ಅದರಲ್ಲಿ ಯಾರು ಕೂತಿದ್ದಾರೆ, ಕಳೆದ ವರ್ಷ ಎಷ್ಟು ಸಲ ಸೇರಿತು, ಒಂದಾದರೂ ದೂರು ತೀರ್ಮಾನ ಮಾಡಿದೆಯೆ ಅಂತ ಕೇಳಬೇಕು. ಥೀಸಿಸ್ ಗೈಡುಗಳನ್ನು ಹಂಚುವಾಗ ಕೊನೆಗೆ ಉಳಿಯುವವರು ಯಾರು? ಹಿಂದಿನ ಐದು ವರ್ಷದಲ್ಲಿ ಸೀಟು ಬಿಟ್ಟು ಹೋದವರು ಯಾರು, ಫೈನಲ್ಲಿನಲ್ಲಿ ಫೇಲಾದವರು ಯಾರು? ಬಿಟ್ಟು ಹೋದವರೆಲ್ಲ ನಮ್ಮವರೇ ಆಗಿದ್ದರೆ ಬೇರೆ ಸಾಕ್ಷಿ ಬೇಡ. ಲಾಗ್‌ಬುಕ್ ಅಂತ ಒಂದಿರುತ್ತದೆ, ಪಿಜಿ ಯಾವ ಯಾವ ಕೆಲಸ ಎಷ್ಟು ಸಲ ಮಾಡಿದ ಅಂತ ಬರೆಯುವ ಪುಸ್ತಕ. ನಮ್ಮ ಸೀನಿಯರನ ಲಾಗ್‌ಬುಕ್ಕನ್ನೂ ಅವನ ಬ್ಯಾಚಿನ ಇನ್ನೊಬ್ಬನ ಲಾಗ್‌ಬುಕ್ಕನ್ನೂ ಪಕ್ಕಪಕ್ಕ ಇಟ್ಟು ಓದಿದರೆ, ಥೋರಟ್ ಸಮಿತಿಯ ವರದಿಯನ್ನೇ ಓದಿದ ಹಾಗೆ.

ಇಷ್ಟೆಲ್ಲ ಹೇಳಿದ ಮೇಲೆ, ನನ್ನ ಕೈಲಿ ಒಂದೇ ಒಂದು ಪರೀಕ್ಷೆ ಮಾಡಲು ಸಮಯವಿದೆ ಅಂದುಕೊಳ್ಳಿ. ಆಗ ನಾನು ನೋಡೋದು ಒಂದನ್ನೇ. ಜೊತೆಗೆ ಯಾರೂ ಇಲ್ಲದೆ, ಜೇಬಿನಲ್ಲಿ ಕಾಸಿಲ್ಲದೆ, ಮೈಯೆಲ್ಲ ಮಣ್ಣಾಗಿ, ಹೆಸರು ಹೇಳಲೂ ಬಾಯಿ ಬಾರದೆ 108 ಗಾಡಿಯಲ್ಲಿ ಬಂದವನನ್ನು ಅವರು ಹೇಗೆ ಮುಟ್ಟುತ್ತಾರೆ? ಮೊದಲು ನಾಡಿ ಹಿಡೀತಾರೋ, ಮೊದಲು ‘ಇವನ ಕಡೆಯೋರು ಯಾರ‍್ರೀ’ ಅಂತ ಕೂಗ್ತಾರೋ? ಕೆಂಪು, ಹಳದಿ, ಹಸಿರು ಅಂತ ವಿಂಗಡಿಸೋದು ಈ ವಿದ್ಯೆಯ ಮೊದಲ ಪಾಠ. ಯಾರ ಪ್ರಾಣ ಹೆಚ್ಚು ಅಪಾಯದಲ್ಲಿದೆಯೋ ಅವರು ಮೊದಲು. ಜಾತಿ, ದುಡ್ಡು, ಎಂಎಲ್‌ಎಯ ಫೋನು ಯಾವುದೂ ಅದರ ಮುಂದೆ ನಿಲ್ಲಬಾರದು. ಇದು ನಮ್ಮ ಸಿದ್ಧಾಂತ ಅಂತ ನಾನು ಹೇಳ್ತಿಲ್ಲ, ಅವರ ಪಠ್ಯಪುಸ್ತಕದಲ್ಲೇ ಹೀಗಿದೆ. ಎಷ್ಟು ಕಡೆ ಪಾಲಿಸುತ್ತಾರೆ ಅನ್ನೋದು ಬೆಂಚಿನ ಮೇಲೆ ಕೂತವರಿಗೇ ತಿಳಿಯಬೇಕು.

ಈ ಮಾತು ಕೋರ್ಟಿನಲ್ಲೂ ಇತ್ಯರ್ಥವಾಗಿದೆ. 1989ರಲ್ಲಿ ಪರಮಾನಂದ ಕಟಾರಾ ಕೇಸಿನಲ್ಲಿ ಸುಪ್ರೀಂ ಕೋರ್ಟು, ಪೊಲೀಸರ ಕಾಗದ ಆಮೇಲೆ, ಜೀವ ಮೊದಲು ಅಂತ ತೀರ್ಪು ಕೊಟ್ಟಿತು. 1992ರ ಜುಲೈನಲ್ಲಿ ಬಂಗಾಳದಲ್ಲಿ ಹಕೀಂ ಶೇಖ್ ಅನ್ನೋ ಕೃಷಿಕೂಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾಯಿತು. ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆ ಸುತ್ತಿದರು. ಒಂದು ಕಡೆ ಬೆಡ್ ಇಲ್ಲ, ಇನ್ನೊಂದು ಕಡೆ ಯಂತ್ರ ಇಲ್ಲ. ಕೊನೆಗೆ ಖಾಸಗಿ ಆಸ್ಪತ್ರೆಯಲ್ಲಿ ಸೇರಿಸಿ 17 ಸಾವಿರ ಸುರಿಯಬೇಕಾಯಿತು. ಅವನ ಬೆನ್ನಿಗೆ ನಿಂತದ್ದು ಕೃಷಿಕೂಲಿಕಾರರ ಸಂಘ, ಪಶ್ಚಿಮ ಬಂಗ ಖೇತ್ ಮಜ್ದೂರ್ ಸಮಿತಿ. 1996ರಲ್ಲಿ ಸುಪ್ರೀಂ ಕೋರ್ಟು ಹೊತ್ತಿಗೆ ಸರಿಯಾಗಿ ಚಿಕಿತ್ಸೆ ಕೊಡದಿದ್ದರೆ ಅದು ಸಂವಿಧಾನದ 21ನೇ ವಿಧಿಯ ಉಲ್ಲಂಘನೆ ಅಂತ ಹೇಳಿ 25 ಸಾವಿರ ಪರಿಹಾರ ಕೊಡಿಸಿತು. ನೋಡಿ, ಈ ದೇಶದಲ್ಲಿ ತುರ್ತು ಚಿಕಿತ್ಸೆಯನ್ನು ಹಕ್ಕು ಮಾಡಿದ್ದು ಕೂಲಿಕಾರರ ಒಂದು ಸಂಘ.

ಹಕೀಂ ಶೇಖನಂಥವನನ್ನು ‘ಬೆಡ್ಡಿಲ್ಲ, ಮುಂದಕ್ಕೆ ಕರಕೊಂಡು ಹೋಗಿ’ ಅಂತ ಬಾಗಿಲಿನಿಂದಲೇ ದೂಡುವ ವಿಭಾಗ ನಿಮ್ಮನ್ನೂ ಹಾಗೇ ನೋಡುತ್ತದೆ. ಅವನಿಗೆ ಬೆಡ್ ಇಲ್ಲ, ನಿಮಗೆ ಕೆಲಸ ಇಲ್ಲ. ಬಡವನ ಮೈಯನ್ನು ಹೇಸದೆ ಮುಟ್ಟುವ ಪ್ರೊಫೆಸರು ನಿಮ್ಮ ಕೈ ಹಿಡಿದು ಕಲಿಸೋಕೂ ಹೇಸೋದಿಲ್ಲ. ನಾನು ವಿಚಾರಿಸಿದ ಮಟ್ಟಿಗೆ ಈ ಲೆಕ್ಕ ತಪ್ಪಿದ್ದು ಕಡಿಮೆ. ಮೇಲ್ಜಾತಿಯಲ್ಲಿ ಹುಟ್ಟಿಯೂ ನಮ್ಮ ಹುಡುಗರನ್ನು ಮಕ್ಕಳಂತೆ ತಿದ್ದಿದ ಗುರುಗಳಿದ್ದಾರೆ, ಅದನ್ನೂ ಹೇಳಬೇಕು. ಅಂಥವರು ಎಲ್ಲಿದ್ದಾರೆ ಅನ್ನೋದು ನಮಗೆ ತಿಳಿದಿರಬೇಕು.

ಈಗಾಗಲೇ ಈ ವಿಭಾಗಗಳಲ್ಲಿ ಓದುತ್ತಿರುವ, ಓದಿ ಹೊರಬಂದ ನಮ್ಮ ಡಾಕ್ಟರುಗಳಿಗೆ ಒಂದು ಮನವಿ. ನಿಮ್ಮ ಹೆಸರು ಬೇಡ, ಯಾರ ಹೆಸರೂ ಬೇಡ. ಒಂದು ಹಾಳೆಯಲ್ಲಿ ಕಾಲೇಜು, ರಾತ್ರಿ ಕಲಿಸುವವರು ಇದ್ದಾರೋ ಇಲ್ಲವೋ, ಮೊದಲ ವರ್ಷದಲ್ಲಿ ನೀವು ಎಷ್ಟು ಟ್ಯೂಬು ಇಳಿಸಿದಿರಿ, ಎಷ್ಟು ಗಂಟೆ ದುಡಿದಿರಿ, ಸ್ಟೈಪೆಂಡು ಕೈಗೆ ಬಂತೋ, ಗಾಯದ ಸರ್ಟಿಫಿಕೇಟು ಬರೆಯುವಾಗ ಹೊರಗಿನವರ ಫೋನು ಬರುತ್ತದೋ, ತಂಗಿಯನ್ನು ಅಲ್ಲಿಗೆ ಕಳಿಸಬಹುದೋ ಬೇಡವೋ, ಇಷ್ಟು ಬರೆಯಿರಿ. ಈ ಪತ್ರಿಕೆ ಮಾರುವ ಗೆಳೆಯರ ಕೈಗೆ ಮೀಟಿಂಗಿನಲ್ಲಿ ಕೊಟ್ಟರೂ ಸಾಕು. ಕೌನ್ಸೆಲಿಂಗ್ ಶುರುವಾಗುವ ಮುಂಚೆ ಜಿಲ್ಲೆ ಜಿಲ್ಲೆಯ ಹಾಸ್ಟೆಲುಗಳಿಗೆ ಅದನ್ನು ತಲುಪಿಸುವ ಕೆಲಸ ನಮ್ಮದು. ಆಸ್ಪತ್ರೆಯಲ್ಲಿ ಕೆಲಸ ಮಾಡುವ ಅಕ್ಕಂದಿರು ಅಣ್ಣಂದಿರಿಗೆ ಬರೆಯೋಕೆ ಬಾರದಿದ್ದರೆ ಬಾಯಲ್ಲಿ ಹೇಳಲಿ, ಬರೆದುಕೊಳ್ಳುತ್ತೇವೆ.

ಜೈ ಭೀಮ್.